ಮುಯ್ಯಿ ಬರೆಯುವ ಪುಸ್ತಕ: ಗಿರಾಕಿಗಳು ತಮ್ಮ ಹೊಸ ಉಪಾಯಗಳನ್ನು ಏಕೆ ಹಂಚುತ್ತಾರೆ?

ಯಳಂದೂರಿನ ಸುತ್ತಮುತ್ತ ಸಹಜ ಕೃಷಿ ಮಾಡುವವರ ಬಾಳೆ ತೋಟಕ್ಕೆ ಹೋದರೆ ಮೊದಲು ಕಾಣುವುದು 200 ಲೀಟರಿನ ನೀಲಿ ಡ್ರಮ್ಮು. ಅದರೊಳಗೆ 10 ಕಿಲೋ ನಾಟಿ ಹಸುವಿನ ಸಗಣಿ, ಗಂಜಳ, 2 ಕಿಲೋ ಬೆಲ್ಲ, 2 ಕಿಲೋ ಕಾಳಿನ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಕಲಸಿದ ಜೀವಾಮೃತ. ಇದನ್ನು ಬಿಂದಿಗೆಯಲ್ಲಿ ಹೊತ್ತು ಗಿಡಗಿಡಕ್ಕೂ ಹಾಕಲು ಈಗ ಆಳು ಸಿಗುವುದಿಲ್ಲ. ಡ್ರಿಪ್ ಪೈಪಿನಲ್ಲೇ ಬಿಡೋಣವೆಂದರೆ ಸಗಣಿಯ ನಾರು ಸಣ್ಣ ತೂತುಗಳಿಗೆ ಕಟ್ಟಿಕೊಂಡು ನೀರೇ ನಿಂತುಹೋಗುತ್ತದೆ. ಡ್ರಿಪ್ ಮಾಡುವ ಕಂಪನಿಗಳು ಲೆಕ್ಕ ಹಾಕಿದ್ದು ತಿಳಿನೀರು ಮತ್ತು ನೀರಲ್ಲಿ ಕರಗುವ ಗೊಬ್ಬರಕ್ಕೆ. ಸಗಣಿ ನೀರು ಅವರ ಲೆಕ್ಕದಲ್ಲಿ ಇರಲಿಲ್ಲ.

ಪರಿಹಾರ ಬಂದದ್ದು ರೈತರ ಕೈಯಿಂದ. ಅಗಲವಾದ ಪಿವಿಸಿ ಪೈಪಿನ ತುಂಡಿಗೆ ಸುತ್ತಲೂ ತೂತು ಕೊರೆದು, ತಳ ಮುಚ್ಚಿ, ಹಳೆಯ ಸೀರೆ ಸುತ್ತಿ ಬಿಗಿಯಾಗಿ ಕಟ್ಟಿ, ಡ್ರಮ್ಮಿನ ನಡುವೆ ನಿಲ್ಲಿಸಿದರೆ ಆಯಿತು. ಗಟ್ಟಿ ಸಗಣಿ ಹೊರಗೆ ಉಳಿಯುತ್ತದೆ, ಸೋಸಿದ ರಸ ಒಳಗೆ ಇಳಿಯುತ್ತದೆ, ಅಲ್ಲಿಂದ ಪೈಪಿಗೆ ಎಳೆದುಕೊಳ್ಳಬಹುದು. ಇದನ್ನು ಮಾಡಿಕೊಂಡ ರೈತ ಫೋನು ತೆಗೆದು ತನ್ನ ಡ್ರಮ್ಮನ್ನೇ ಹಿಡಿದು ತೋರಿಸುತ್ತಾನೆ: “ನೋಡ್ರಣ್ಣ, ಬಟ್ಟೆ ಮೂರು ಸುತ್ತು ಸುತ್ತಿ. ಎರಡೇ ಸುತ್ತಾದ್ರೆ ನಾರು ಒಳಕ ಬತ್ತದ. ನಾ ಎರಡು ಸಲ ಪೈಪ್ ಬುಚ್ಚಿ ತೊಳ್ದ್ ಮ್ಯಾಲ ಗೊತ್ತಾಯ್ತು.” ವಿಡಿಯೋ ರೈತರ ಫೋನ್ ಬಳಗಕ್ಕೆ ಹೋಗುತ್ತದೆ. ಸಂಜೆಯೊಳಗೆ ಹನೂರಿನವರೊಬ್ಬರು ಸೀರೆಯ ಬದಲು ಸೊಳ್ಳೆಪರದೆ ಸುತ್ತಿ ತಮ್ಮ ಡ್ರಮ್ಮಿನ ಚಿತ್ರ ಕಳಿಸುತ್ತಾರೆ.

ಈ ರೈತ ಡ್ರಿಪ್ ಕಂಪನಿಯ ಗಿರಾಕಿ. ಕಂಪನಿಯ ಇಂಜಿನಿಯರು ಮಾಡದ ಕೆಲಸವನ್ನು ಮಾಡಿದ, ಅದಕ್ಕೆ ಒಂದು ಕಾಸೂ ಕೇಳಲಿಲ್ಲ, ತಾನು ಎಡವಿದ್ದನ್ನೂ ಸೇರಿಸಿ ಎಲ್ಲರಿಗೂ ಹೇಳಿದ. ಏಕೆ? ಲಾಭನಷ್ಟದ ಪಾಠ ಕಲಿತವರಿಗೆ ಇದು ಒಗಟು. ಕಳೆದ ಸುಮಾರು 50 ವರ್ಷಗಳಿಂದ ವಿದ್ವಾಂಸರು ಈ ಒಗಟನ್ನು ಬಿಡಿಸುತ್ತ ಬಂದಿದ್ದಾರೆ. ಅವರು ಕಂಡದ್ದನ್ನೂ ನಮ್ಮ ನೆಲದ ಅನುಭವವನ್ನೂ ಒಟ್ಟಿಗಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಕಂಡುಹಿಡಿಯುವವರು ಯಾರು?

ಹೊಸ ವಸ್ತುಗಳನ್ನು ಕಂಪನಿಗಳು ಕಂಡುಹಿಡಿಯುತ್ತವೆ, ಜನ ಕೊಂಡು ಬಳಸುತ್ತಾರೆ ಎಂಬುದು ಬಹುಕಾಲದ ನಂಬಿಕೆ. ಇದನ್ನು ಲೆಕ್ಕವಿಟ್ಟು ಅಲ್ಲಗಳೆದವರು ಅಮೆರಿಕದ ಎಂಐಟಿಯ ಎರಿಕ್ ವಾನ್ ಹಿಪ್ಪೆಲ್. ವೈಜ್ಞಾನಿಕ ಉಪಕರಣಗಳ ಬಗ್ಗೆ ಅವರು 1976ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಖ್ಯ ಸುಧಾರಣೆಗಳಲ್ಲಿ ಶೇಕಡ 80ರಷ್ಟು ಮೊದಲು ಹುಟ್ಟಿದ್ದು ಉಪಕರಣ ಬಳಸುತ್ತಿದ್ದ ವಿಜ್ಞಾನಿಗಳ ಕೈಯಲ್ಲಿ. ಕಂಪನಿಗಳು ಅವನ್ನು ಎತ್ತಿಕೊಂಡು, ಅಚ್ಚುಕಟ್ಟು ಮಾಡಿ, ಮಾರಿದವು. ಎಲ್ಲರಿಗಿಂತ ಮೊದಲು ಕೊರತೆ ಅನುಭವಿಸಿ, ಕಾಯಲಾರದೆ ತಾವೇ ದಾರಿ ಮಾಡಿಕೊಳ್ಳುವ ಇಂಥವರನ್ನು ಅವರು 1986ರಲ್ಲಿ ‘ಮುಂಚೂಣಿ ಬಳಕೆದಾರರು’ ಎಂದು ಕರೆದರು.

ನಮ್ಮಲ್ಲಿ ಇದಕ್ಕೆ ಸಾಕ್ಷಿ ಹುಡುಕಬೇಕಾಗಿಲ್ಲ. 2022ರಲ್ಲಿ ಪದ್ಮಶ್ರೀ ಪಡೆದ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆಹಣ್ಣಿನಿಂದ ಬೀಜ ಬಿಡಿಸುವ ಯಂತ್ರ ಮಾಡಿದ್ದು ತಮ್ಮದೇ ಹುಣಸೆ ತೋಪಿನ ಹಣ್ಣನ್ನು ಏನು ಮಾಡುವುದೆಂದು ತೋಚದೆ ಇದ್ದಾಗ. ಕೊರತೆ ಎಲ್ಲಿ ಚುಚ್ಚುತ್ತದೋ ಉಪಾಯ ಅಲ್ಲೇ ಹುಟ್ಟುತ್ತದೆ. ಒಬ್ಬ ಬಾಳೆ ಬೆಳೆಗಾರನ ಡ್ರಿಪ್ ಪೈಪು ಯಾವ ತಿಂಗಳಲ್ಲಿ, ಯಾವ ಮಣ್ಣಿನಲ್ಲಿ, ಎಷ್ಟು ಹೊತ್ತಿಗೆ ಕಟ್ಟಿಕೊಳ್ಳುತ್ತದೆ ಎಂಬುದು ಊರಾಚೆಯ ಕಾರ್ಖಾನೆಗೆ ಗೊತ್ತಾಗುವುದು ಹೇಗೆ?

ಕಂಡುಹಿಡಿಯುವುದು ಅರ್ಥವಾಗುತ್ತದೆ, ಗರಜು ತನ್ನದು. ಹಂಚುವುದಕ್ಕೆ ಕಾರಣ ಬೇರೆಯೇ ಬೇಕು.

ಹಂಚಿಕೊಂಡು ಬೆಳೆದವರು

ಹಂಚುವಿಕೆ ಇಂಟರ್‌ನೆಟ್ಟಿನ ಜೊತೆ ಬಂದದ್ದಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ತವರ, ತಾಮ್ರದ ಗಣಿಗಳಲ್ಲಿ ನೀರೆತ್ತಲು ಉಗಿಯಂತ್ರಗಳಿದ್ದವು. ಜೇಮ್ಸ್ ವಾಟ್‌ನ ಪೇಟೆಂಟು 1800ರಲ್ಲಿ ಮುಗಿಯುವವರೆಗೂ ಗಣಿಯವರು ಆ ಯಂತ್ರಗಳಿಗೆ ರಾಜಧನ ತೆತ್ತು ಬೇಸತ್ತಿದ್ದರು. 1811ರಿಂದ ‘ಲೀನ್ಸ್ ಎಂಜಿನ್ ರಿಪೋರ್ಟರ್’ ಎಂಬ ಮಾಸಿಕ ವರದಿ ಹೊರಟಿತು. ಯಾವ ಗಣಿಯ ಯಂತ್ರ ಎಷ್ಟು ಕಲ್ಲಿದ್ದಲಿಗೆ ಎಷ್ಟು ನೀರೆತ್ತಿತು, ಅದರ ಇಂಜಿನಿಯರು ಯಾರು ಎಂಬುದನ್ನು ಅದು ಹೆಸರು ಹಿಡಿದು ಅಚ್ಚು ಹಾಕುತ್ತಿತ್ತು. ಕೆಲವೇ ದಶಕಗಳಲ್ಲಿ ಆ ಯಂತ್ರಗಳ ಕಾರ್ಯಕ್ಷಮತೆ ಹಲವು ಪಟ್ಟು ಏರಿತು. ಗಣಿಗಳ ಬಂಡವಾಳದಾರರು ಒಂದೇ ಗಣಿಯಲ್ಲಿ ಹಣ ಹಾಕದೆ ಹಲವು ಗಣಿಗಳಲ್ಲಿ ಪಾಲು ಹೊಂದಿದ್ದರಿಂದ ಒಂದರ ಸುಧಾರಣೆ ಇನ್ನೊಂದಕ್ಕೆ ಹೋದರೂ ಅವರಿಗೆ ಲಾಭವೇ. ಇಂಜಿನಿಯರಿಗೆ ಹೆಸರು ಬಂದರೆ ಮುಂದಿನ ಕೆಲಸ ಹುಡುಕಿಕೊಂಡು ಬರುತ್ತಿತ್ತು.

ಇಂಗ್ಲೆಂಡಿನ ಕ್ಲೀವ್‌ಲ್ಯಾಂಡ್ ಸೀಮೆಯ ಕಬ್ಬಿಣದ ಕುಲುಮೆಗಳ ಕತೆಯೂ ಹೀಗೆಯೇ. ಸುಮಾರು 50 ಅಡಿ ಎತ್ತರವಿದ್ದ ಕುಲುಮೆಗಳು 80 ಅಡಿಗೆ ಏರಿದ್ದು ಯಾವ ಒಬ್ಬ ಮೇಧಾವಿಯಿಂದಲೂ ಅಲ್ಲ. ಒಬ್ಬ ಎತ್ತರಿಸಿ ನೋಡಿ ಫಲವನ್ನು ಬಾಯಿಬಿಟ್ಟು ಹೇಳಿದ, ಮುಂದಿನವನು ಇನ್ನಷ್ಟು ಎತ್ತರಿಸಿದ. ಇದನ್ನು 1983ರಲ್ಲಿ ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ರಾಬರ್ಟ್ ಅಲೆನ್ ಇಟ್ಟ ಹೆಸರು ‘ಸಾಮೂಹಿಕ ಆವಿಷ್ಕಾರ’.

ನಮ್ಮ ಕಡೆ ಇದಕ್ಕೆ ಇನ್ನೂ ಹಳೆಯ ಹೆಸರಿದೆ: ಮುಯ್ಯಿ. ನಾಟಿಯ ಕಾಲದಲ್ಲಿ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಹೀಗೆ ಬಂದವರು ಮುಯ್ಯಾಳು. ಬಿತ್ತನೆ ಬೀಜವೂ ಹಾಗೆಯೇ ಮನೆಯಿಂದ ಮನೆಗೆ ನಡೆಯಿತು. ಕೊಳ್ಳೇಗಾಲದಿಂದ ಹೆಚ್ಚು ದೂರವಿಲ್ಲದ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿಗಳನ್ನು ಉಳಿಸಿ ಬೆಳೆಸುತ್ತಿರುವುದು ಆ ನಡೆಯ ಮುಂದುವರಿಕೆ. ಮುಯ್ಯಿಯಲ್ಲಿ ಕೂಲಿ ಇಲ್ಲ, ಆದರೆ ಲೆಕ್ಕ ಇದೆ. ಮದುವೆ ಮನೆಯ ಬಾಗಿಲಲ್ಲಿ ಮೇಜು ಹಾಕಿ ಕೂತು ಯಾರು ಎಷ್ಟು ಮುಯ್ಯಿ ಮಾಡಿದರೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರಲ್ಲ, ಆ ಪುಸ್ತಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಪ್ರಶ್ನೆಯ ಬೀಗದ ಕೈ ಅಲ್ಲಿದೆ.

ಕಂಪನಿಯ ಅಂಗಳದಲ್ಲಿ

ನೆರೆಯವರಿಗೆ ಕೊಡುವುದು ಸರಿ. ತನ್ನಿಂದಲೇ ದುಡ್ಡು ಮಾಡುವ ಕಂಪನಿಯ ಅಂಗಳಕ್ಕೆ ಹೋಗಿ ಗಿರಾಕಿ ತನ್ನ ಉಪಾಯ ಇಟ್ಟು ಬರುವುದೇಕೆ? ಇದಕ್ಕೆ ಚೆನ್ನಾಗಿ ಅಧ್ಯಯನವಾದ ನಿದರ್ಶನ ಸ್ವೀಡನ್ನಿನ ಪ್ರೊಪೆಲ್ಲರ್‌ಹೆಡ್ ಎಂಬ ಸಣ್ಣ ಸಾಫ್ಟ್‌ವೇರ್ ಕಂಪನಿಯದು. 1997ರಲ್ಲಿ ಅದು ಕಂಪ್ಯೂಟರಿನಲ್ಲೇ ವಾದ್ಯ ನುಡಿಸುವ ‘ರೀಬರ್ತ್’ ಎಂಬ ಸಾಫ್ಟ್‌ವೇರ್ ತಂದಿತು. ಬಳಕೆದಾರರು ಅದರ ಒಳಹೊಕ್ಕು ನಾದಗಳನ್ನೂ ಮೇಲ್ಮೈಯನ್ನೂ ಬದಲಿಸಿ ತಮ್ಮದೇ ಆವೃತ್ತಿಗಳನ್ನು ಹಂಚತೊಡಗಿದರು. ಕಂಪನಿ ಅವರ ಮೇಲೆ ಕೇಸು ಹಾಕಲಿಲ್ಲ. ಆ ಆವೃತ್ತಿಗಳಿಗೆ ತನ್ನ ಜಾಗದಲ್ಲೇ ಎಡೆ ಮಾಡಿಕೊಟ್ಟಿತು.

ಡೆನ್ಮಾರ್ಕಿನ ಸಂಶೋಧಕರಾದ ಲಾರ್ಸ್ ಬೊ ಯೆಪ್ಪೆಸೆನ್ ಮತ್ತು ಲಾರ್ಸ್ ಫ್ರೆಡೆರಿಕ್ಸೆನ್ ಈ ಕಂಪನಿಯ ಆನ್‌ಲೈನ್ ಬಳಗವನ್ನು ಅಧ್ಯಯನ ಮಾಡಿ 2006ರಲ್ಲಿ ಫಲ ಪ್ರಕಟಿಸಿದರು. ಅವರು ಕಂಡದ್ದು ಎರಡು ಸಂಗತಿ. ಒಂದು, ಹೊಸತನ್ನು ಮಾಡಿ ಹಂಚಿದವರಲ್ಲಿ ಸಂಗೀತವನ್ನೇ ವೃತ್ತಿ ಮಾಡಿಕೊಂಡವರಿಗಿಂತ ಹವ್ಯಾಸಿಗಳೇ ಮುಂದಿದ್ದರು. ಎರಡು, ಅವರು ಹೆಚ್ಚಾಗಿ ಬಯಸುತ್ತಿದ್ದುದು ಕಂಪನಿಯಿಂದ ಬರುವ ಮನ್ನಣೆ. ವೃತ್ತಿಪರನಿಗೆ ತನ್ನ ನಾದವೇ ಅನ್ನ, ಪಕ್ಕದವನು ಪ್ರತಿಸ್ಪರ್ಧಿ. ಹವ್ಯಾಸಿಗೆ ಆ ಹೆದರಿಕೆ ಇಲ್ಲ. ಅವನು ಮೆಚ್ಚಿದ ವಾದ್ಯವನ್ನು ಮಾಡಿದವರೇ ಅವನ ಕೆಲಸ ನೋಡಿ “ಚೆನ್ನಾಗಿದೆ” ಎಂದರೆ ಅದಕ್ಕಿಂತ ದೊಡ್ಡ ಬಹುಮಾನ ಅವನಿಗೆ ಬೇರೆ ಇಲ್ಲ. ನಮ್ಮ ಹಳ್ಳಿಯ ನಾಟಕದಲ್ಲಿ ಪಾತ್ರ ಮಾಡಿದವನಿಗೆ ಹಾರ್ಮೋನಿಯಂ ಮೇಷ್ಟ್ರು ತಲೆದೂಗಿದರೆ ಆಗುವ ಸಂತೋಷ ನೆನೆಯಿರಿ.

ಲೆಗೊ ಕಂಪನಿ ಈ ಪಾಠವನ್ನು ತಡವಾಗಿ ಕಲಿತರೂ ಆಳವಾಗಿ ಕಲಿಯಿತು. 1998ರಲ್ಲಿ ಅದು ತಂದ ‘ಮೈಂಡ್‌ಸ್ಟಾರ್ಮ್ಸ್’ ರೋಬಾಟ್ ಆಟಿಕೆಯ ಒಳಗುಟ್ಟನ್ನು ಗಿರಾಕಿಗಳು ಬಿಡಿಸಿ ತಮ್ಮದೇ ಪ್ರೋಗ್ರಾಮುಗಳನ್ನು ಬರೆದರು. ಕಂಪನಿ ಮೊದಲು ಗಾಬರಿಯಾದರೂ ಕೊನೆಗೆ ಹಾಗೆ ಮಾಡುವ ಹಕ್ಕನ್ನೇ ಗಿರಾಕಿಗೆ ಬರೆದುಕೊಟ್ಟಿತು. 2008ರಲ್ಲಿ ಜಪಾನಿನಲ್ಲಿ ಗಿರಾಕಿಗಳ ವಿನ್ಯಾಸಗಳಿಗೆಂದೇ ಒಂದು ಆನ್‌ಲೈನ್ ವೇದಿಕೆ ತೆರೆಯಿತು, 2011ರಲ್ಲಿ ಅದು ಇಡೀ ಲೋಕಕ್ಕೆ ಹರಡಿತು, 2014ರಲ್ಲಿ ‘ಲೆಗೊ ಐಡಿಯಾಸ್’ ಆಯಿತು. 10,000 ಜನರ ಬೆಂಬಲ ಸಿಕ್ಕ ವಿನ್ಯಾಸವನ್ನು ಕಂಪನಿ ಪರಿಶೀಲಿಸುತ್ತದೆ. ಆಯ್ಕೆಯಾದರೆ ನಿವ್ವಳ ಮಾರಾಟದ ಶೇಕಡ 1 ವಿನ್ಯಾಸಕಾರನಿಗೆ. ಪೆಟ್ಟಿಗೆಯೊಳಗಿನ ಪುಸ್ತಿಕೆಯಲ್ಲಿ ಅವನ ಪರಿಚಯ. ಡೆಲ್ ಕಂಪನಿ 2007ರಲ್ಲಿ ಗಿರಾಕಿಗಳ ಸಲಹೆಗೆ ಬಾಗಿಲು ತೆರೆದಾಗ ಲಿನಕ್ಸ್ ಇರುವ ಕಂಪ್ಯೂಟರು ಬೇಕೆಂಬ ಬೇಡಿಕೆಗೆ ಭಾರಿ ಬೆಂಬಲ ಬಂತು, ಅದೇ ವರ್ಷ ಕಂಪನಿ ಅಂಥ ಕಂಪ್ಯೂಟರು ತಂದಿತು. ಹೇಳಿದ ಮಾತು ಕೆಲಸವಾಗಿ ತಿರುಗಿ ಬಂದದ್ದನ್ನು ಕಣ್ಣಾರೆ ಕಂಡವನು ಮತ್ತೆ ಹೇಳಲು ಬರುತ್ತಾನೆ.

ಕೊಡುವವರ ಆರು ಕಾರಣ

ಈವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿದರೆ ಹಂಚುವವರ ಕಾರಣಗಳು ಆರು ಗುಂಪಾಗಿ ನಿಲ್ಲುತ್ತವೆ.

ಮೊದಲನೆಯದು, ಬಚ್ಚಿಡುವುದೇ ದುಬಾರಿ. ಸೀರೆ ಸುತ್ತಿದ ಪೈಪಿಗೆ ಪೇಟೆಂಟು ಮಾಡಿಸಲು ಯಾರು ಅಲೆದಾಡುತ್ತಾರೆ? ಪಕ್ಕದ ತೋಟದವನು ಬೇಲಿಯಾಚೆಯಿಂದ ನೋಡಿದರೂ ಗೊತ್ತಾಗುವ ಉಪಾಯ ಅದು. ಹಂಚಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಎರಡನೆಯದು, ಕೊಟ್ಟದ್ದು ಸುಧಾರಿಸಿ ತಿರುಗಿ ಬರುತ್ತದೆ. ಹನೂರಿನ ಸೊಳ್ಳೆಪರದೆಯ ಹಾಗೆ. ಡೀಟ್‌ಮಾರ್ ಹಾರ್‌ಹೋಫ್, ಯೋಅಖಿಮ್ ಹೆಂಕೆಲ್ ಮತ್ತು ವಾನ್ ಹಿಪ್ಪೆಲ್ 2003ರಲ್ಲಿ ತೋರಿಸಿಕೊಟ್ಟ ಮಾತು ಇದಕ್ಕೆ ಸೇರುತ್ತದೆ. ತಾನು ಕೈಯಲ್ಲಿ ಮಾಡಿಕೊಂಡದ್ದನ್ನು ಕಂಪನಿಗೆ ಹೇಳಿದರೆ, ಕಂಪನಿ ಅದನ್ನು ಗಟ್ಟಿಯಾಗಿ, ಅಗ್ಗವಾಗಿ ಮಾಡಿ ಮಾರುತ್ತದೆ. ಆಗ ಮೊದಲ ಗಿರಾಕಿಗೂ ಅದು ಸಿಗುತ್ತದೆ.

ಮೂರನೆಯದು ಕಲಿಕೆ. ಅಪಾಚೆ ಎಂಬ ಮುಕ್ತ ಸಾಫ್ಟ್‌ವೇರಿನ ಬಳಗದಲ್ಲಿ ಅಪರಿಚಿತರ ಪ್ರಶ್ನೆಗಳಿಗೆ ಪುಕ್ಕಟೆ ಉತ್ತರ ಕೊಡುವವರನ್ನು ಕರೀಮ್ ಲಖಾನಿ ಮತ್ತು ವಾನ್ ಹಿಪ್ಪೆಲ್ ಗಮನಿಸಿದರು. ಉತ್ತರ ಕೊಡುವವರು ಅಲ್ಲಿ ಕಳೆಯುವ ಹೊತ್ತಿನಲ್ಲಿ ಬಹುಪಾಲು ಇತರರು ಬರೆದದ್ದನ್ನು ಓದಿ ಕಲಿಯುವುದಕ್ಕೇ ಹೋಗುತ್ತಿತ್ತು. ಓದುತ್ತಾ ತಮಗೆ ಗೊತ್ತಿರುವ ಪ್ರಶ್ನೆ ಸಿಕ್ಕರೆ ಎರಡು ಸಾಲು ಉತ್ತರಿಸಲು ಬಹಳ ಹೊತ್ತು ಬೇಕಾಗಿರಲಿಲ್ಲ. ಅರಳಿಕಟ್ಟೆಗೆ ಸುದ್ದಿ ಕೇಳಲು ಹೋದವನು ತನಗೆ ಗೊತ್ತಿದ್ದುದನ್ನು ಹೇಳಿ ಬರುವಂತೆಯೇ ಇದು.

ನಾಲ್ಕನೆಯದು ಮನ್ನಣೆ, ಅದನ್ನು ಆಗಲೇ ಕಂಡೆವು. ಐದನೆಯದು ಮಾಡುವ ಸುಖ. ಲಖಾನಿ ಮತ್ತು ರಾಬರ್ಟ್ ವುಲ್ಫ್ 2005ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 684 ಮುಕ್ತ ಸಾಫ್ಟ್‌ವೇರ್ ಬರಹಗಾರರನ್ನು ಕೇಳಿದಾಗ ಎಲ್ಲಕ್ಕಿಂತ ಬಲವಾಗಿ ಕಂಡ ಪ್ರೇರಣೆ ಸೃಷ್ಟಿಯ ಆನಂದ. ಆರನೆಯದು ಬಳಗದ ನಂಟು. ನಿಕೋಲಾಸ್ ಫ್ರಾಂಕೆ ಮತ್ತು ಸೊನಾಲಿ ಶಾ 2003ರಲ್ಲಿ ಗ್ಲೈಡರ್ ಹಾರಿಸುವವರು, ಕಣಿವೆ ಇಳಿಯುವವರು, ಅಂಗವಿಕಲ ಸೈಕಲ್ ಸವಾರರೇ ಮೊದಲಾದ ಕ್ರೀಡಾ ಬಳಗಗಳನ್ನು ನೋಡಿದರು. ಅಲ್ಲಿ ಒಬ್ಬರಿಗೊಬ್ಬರು ನೆರವಾಗುವುದು ಬಳಗದ ರೀತಿಯೇ ಆಗಿತ್ತು, ಪುಕ್ಕಟೆಯಾಗಿಯೇ ಹಂಚುತ್ತಿದ್ದರು.

ಈ ಆರರಲ್ಲಿ ಹಣ ಇಲ್ಲದಿರುವುದನ್ನು ಗಮನಿಸಬೇಕು. ಹಣ ಬೇಡವೆಂದಲ್ಲ. ಹಂಚಲು ಎಬ್ಬಿಸುವುದು ಹಣವಲ್ಲ, ಆದರೆ ಇನ್ನೊಬ್ಬರು ಹಣ ಮಾಡಿಕೊಂಡಾಗ ಅದರ ಪ್ರಶ್ನೆ ಎದ್ದೇ ಏಳುತ್ತದೆ. ಆ ಮಾತಿಗೆ ಮುಂದೆ ಬರುತ್ತೇನೆ.

ಕನ್ನಡದ ಬಳಗಗಳು

ಫೋನು ಬರುವ ಬಹಳ ಮೊದಲೇ ಕನ್ನಡದ ರೈತರು ಇಂಥ ಬಳಗ ಕಟ್ಟಿದ್ದರು. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ಅಂಥದು. ಕಾಸರಗೋಡಿನ ಗಡಿಯ ಶ್ರೀಪಡ್ರೆ ಅವರ ಸಂಪಾದಕತ್ವದಲ್ಲಿ ಅದು ‘ಕೃಷಿಕರ ಕೈಗೆ ಲೇಖನಿ’ ಎಂಬ ಮಾತನ್ನು ಕಾರ್ಯಕ್ಕಿಳಿಸಿತು. ಬೆಳೆದವನೇ ಬರೆಯಬೇಕು, ಓದಿದವನು ನೇರವಾಗಿ ಬೆಳೆದವನನ್ನೇ ಕೇಳುವಂತಿರಬೇಕು ಎಂಬುದು ಅದರ ನೇಮ. ಹೆಸರು, ಊರು, ಸಂಪರ್ಕ ಇಲ್ಲದ ಅನುಭವಕ್ಕೆ ಅಲ್ಲಿ ಬೆಲೆ ಕಡಿಮೆ.

ಅದೇ ಪತ್ರಿಕೆಯ ಸುತ್ತಲಿನ ಬಳಗ 2021ರ ಲಾಕ್‌ಡೌನಿನಲ್ಲಿ ಏನು ಮಾಡಿತೆಂಬುದು ಬಾಳೆಯ ನಾಡಾದ ನಮ್ಮ ಸೀಮೆಗೆ ಬಹಳ ಮುಖ್ಯ. ಬಾಳೆಗೆ ಬೆಲೆ ಬಿದ್ದು ಗೊನೆಗಳು ತೋಟದಲ್ಲೇ ಕೊಳೆಯುವ ಹೊತ್ತು. ಬಾಳೆಕಾಯಿಯನ್ನು ಹೆಚ್ಚಿ, ಒಣಗಿಸಿ, ಪುಡಿ ಮಾಡಿಟ್ಟುಕೊಳ್ಳುವ ಉಪಾಯಕ್ಕೆ ‘ಬಾಕಾಹು’ ಎಂದು ಹೆಸರಿಟ್ಟರು, ಬಾಳೆಕಾಯಿ ಹುಡಿ. ಉತ್ತರ ಕನ್ನಡ, ದಕ್ಷಿಣ ಕನ್ನಡದ ಹೆಣ್ಣುಮಕ್ಕಳು ಮನೆಯಲ್ಲೇ ಮಾಡಿ ನೋಡಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಿದರು. ಒಬ್ಬರು ದೋಸೆ ಹುಯ್ದರು, ಒಬ್ಬರು ರೊಟ್ಟಿ ತಟ್ಟಿದರು, ಇನ್ನೊಬ್ಬರು ಜಾಮೂನು ಕರಿದರು. ಸಿಪ್ಪೆ ತೆಗೆಯಬೇಕೆ, ಕಪ್ಪಾಗದಂತೆ ಏನು ಮಾಡಬೇಕು, ಮಳೆ ಬಂದರೆ ಒಣಗಿಸುವುದು ಹೇಗೆ ಎಂಬುದೆಲ್ಲ ಅಡುಗೆಮನೆಯಿಂದ ಅಡುಗೆಮನೆಗೆ ತಿದ್ದುತ್ತ ಹೋಯಿತು. ಆ ವರ್ಷ ಜುಲೈನಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲೂ ಅದರ ಪ್ರಸ್ತಾಪ ಬಂತು. ಮೇಲೆ ಹೇಳಿದ ಆರು ಕಾರಣಗಳೂ ಈ ಒಂದು ಕತೆಯಲ್ಲಿವೆ.

ಕನ್ನಡ ಕಂಪ್ಯೂಟರಿಗೆ ಬಂದದ್ದೂ ಇಂಥ ಉದಾರಿಗಳಿಂದ. ಕೆ.ಪಿ. ರಾವ್ ಅವರು ತಾವು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ತಮ್ಮ ಆಸ್ತಿಯೆಂದು ಕಟ್ಟಿಡದೆ ನಾಡಿಗೆ ಬಿಟ್ಟುಕೊಟ್ಟರು. ಸರ್ಕಾರ ಶಿಷ್ಟತೆಯೆಂದು ಒಪ್ಪಿದ, ‘ನುಡಿ’ ಸಾಫ್ಟ್‌ವೇರಿನಲ್ಲಿ ನಾವು ಒತ್ತುವ ಕೀಲಿಗಳ ಜೋಡಣೆಗೆ ಅದೇ ಮೂಲ. 1998ರಲ್ಲಿ ಶೇಷಾದ್ರಿವಾಸು ‘ಬರಹ’ ಸಾಫ್ಟ್‌ವೇರನ್ನು ಹಂಚಿದಾಗ ಲೋಕದ ಮೂಲೆಮೂಲೆಯ ಕನ್ನಡಿಗರು ಕನ್ನಡದಲ್ಲಿ ಬರೆಯತೊಡಗಿದರು. 2011ರಲ್ಲಿ ಗೂಗಲ್ ಅನುವಾದಕ್ಕೆ ಕನ್ನಡ ಸೇರಿತು. ಮುಂದೆ ಕಂಪನಿ ಬಳಕೆದಾರರ ನೆರವು ಕೇಳಿದಾಗ, ತಪ್ಪು ಕನ್ನಡ ಕಂಡು ಸಂಕಟಪಟ್ಟವರು ಕೂತು ಸಾಲು ಸಾಲು ತಿದ್ದಿದರು. ಲಾಭ ಯಾರಿಗೆ ಎಂದು ಅವರು ಕೇಳಲಿಲ್ಲ. ತಮ್ಮ ನುಡಿ ಅಲ್ಲಿ ಕುಂಟಬಾರದು ಎಂಬುದಷ್ಟೇ ಅವರ ಕಾಳಜಿ.

ಇಲ್ಲಿ ಒಂದು ಸತ್ಯ ಎದ್ದು ಕಾಣುತ್ತದೆ. ಕೊಡುವವನ ಕಣ್ಣ ಮುಂದೆ ಇರುವುದು ಕಂಪನಿಯಲ್ಲ, ತನ್ನಂತೆಯೇ ಒದ್ದಾಡುತ್ತಿರುವ ಇನ್ನೊಬ್ಬ ಬಳಕೆದಾರ. ಕಂಪನಿ ಒದಗಿಸುವುದು ಅಂಗಳವನ್ನು.

ಬಾಯಿ ಬಿಡದ ಕಡೆ

ಎಲ್ಲರೂ ಎಲ್ಲವನ್ನೂ ಹಂಚುತ್ತಾರೆಂದು ಹೇಳಿದರೆ ಸುಳ್ಳಾಗುತ್ತದೆ. ನಾಟಿ ವೈದ್ಯರಲ್ಲಿ ಅನೇಕರು ಗಿಡದ ಹೆಸರು ಹೇಳುವುದಿಲ್ಲ, ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎಂಬ ನಂಬಿಕೆ. ಆ ನಂಬಿಕೆಯ ಹಿಂದೆ ಮನೆತನದ ಅನ್ನದ ಪ್ರಶ್ನೆಯೂ ಇದೆ. ಫ್ರಾಂಕೆ ಮತ್ತು ಶಾ ಅಧ್ಯಯನದಲ್ಲೂ ಸ್ಪರ್ಧೆ ಬಿರುಸಾಗಿದ್ದ ಕಡೆ ಹಂಚುವ ಕೈ ಹಿಂದೆ ಸರಿದಿತ್ತು. ಪ್ರೊಪೆಲ್ಲರ್‌ಹೆಡ್ ಬಳಗದಲ್ಲಿ ಹವ್ಯಾಸಿಗಳು ಮುಂದಿದ್ದುದಕ್ಕೂ ಇದೇ ಕಾರಣ. ಒಂದೇ ಸಂತೆಯಲ್ಲಿ ಒಂದೇ ಸರಕು ಮಾರುವ ಇಬ್ಬರು ಗುಟ್ಟು ಬಿಟ್ಟುಕೊಡುವುದು ಕಷ್ಟ. ಬೇರೆ ಬೇರೆ ಊರಿನ ಇಬ್ಬರು ಬೆಳೆಗಾರರು ಸಲೀಸಾಗಿ ಬಿಟ್ಟುಕೊಡುತ್ತಾರೆ. ಹಂಚುವಿಕೆ ಗುಣಸ್ವಭಾವದ ವಿಷಯ ಎಷ್ಟೋ ಸನ್ನಿವೇಶದ ವಿಷಯವೂ ಅಷ್ಟೇ.

ಮುಯ್ಯಿ ತೀರಿಸದಿದ್ದರೆ

ಹಂಚಿದವರಿಗೆ ಮೋಸವಾದ ಕತೆಗಳೂ ಇವೆ. ಸಿಡಿ ಕಾಲದಲ್ಲಿ ‘ಸಿಡಿಡಿಬಿ’ ಎಂಬ ಭಂಡಾರವಿತ್ತು. ಸಿಡಿಯಲ್ಲಿರುವ ಹಾಡುಗಳ ಹೆಸರುಗಳನ್ನು ಲೋಕದ ಸಂಗೀತಪ್ರಿಯರು ಒಂದೊಂದಾಗಿ ಬೆರಳಚ್ಚು ಮಾಡಿ ಅದನ್ನು ತುಂಬಿಸಿದ್ದರು. 1998ರಲ್ಲಿ ಅದು ಕಂಪನಿಯೊಂದಕ್ಕೆ ಮಾರಾಟವಾಗಿ, ಮುಂದೆ ಷರತ್ತುಗಳ ಬೇಲಿ ಬಿತ್ತು. ತುಂಬಿಸಿದವರು ಸಿಟ್ಟಾಗಿ ‘ಫ್ರೀಡಿಬಿ’ ಎಂಬ ಬೇರೆ ಭಂಡಾರವನ್ನೇ ಕಟ್ಟಿಕೊಂಡರು.

ಇನ್ನೂ ನೋಯಿಸುವ ಕತೆ ನಮ್ಮ ಅನ್ನದ ತಟ್ಟೆಯಲ್ಲಿದೆ. ನಮ್ಮ ಅಂಗಡಿಗಳಲ್ಲೂ ಸಿಗುವ ಎಚ್‌ಎಂಟಿ ಅಕ್ಕಿಯ ತಳಿ ಮಾಡಿದವರು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬಡ ರೈತ ದಾದಾಜಿ ಖೋಬ್ರಾಗಡೆ. 1980ರ ದಶಕದಲ್ಲಿ ತಮ್ಮ ಗದ್ದೆಯಲ್ಲಿ ಬೇರೆಯಾಗಿ ಕಂಡ ಕೆಲವು ತೆನೆಗಳನ್ನು ಆಯ್ದು, ವರ್ಷಗಟ್ಟಲೆ ಬೆಳೆಸಿ, ಊರವರಿಗೆ ಬೀಜ ಕೊಟ್ಟರು. ಆಗ ಜನಪ್ರಿಯವಾಗಿದ್ದ ಎಚ್‌ಎಂಟಿ ಕೈಗಡಿಯಾರದ, ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಆ ಗಡಿಯಾರದ ಹೆಸರು ಅಕ್ಕಿಗೆ ಅಂಟಿತು. ಕೃಷಿ ವಿಶ್ವವಿದ್ಯಾಲಯವೊಂದು ಅವರಿಂದ ಬೀಜ ಪಡೆದು ತನ್ನ ತಳಿಯೆಂದು ಬಿಡುಗಡೆ ಮಾಡಿತು. ಲಕ್ಷಾಂತರ ಮನೆಗಳಿಗೆ ಅನ್ನವಾದ ತಳಿಯ ತಂದೆ 2018ರಲ್ಲಿ ಕಷ್ಟದಲ್ಲೇ ಕಣ್ಣುಮುಚ್ಚಿದರು. ಅಕ್ಕಿಯ ಚೀಲದ ಮೇಲೆ ಗಡಿಯಾರದ ಹೆಸರು ಉಳಿಯಿತು, ಮನುಷ್ಯನ ಹೆಸರು ಬರಲಿಲ್ಲ.

ಫ್ರಾಂಕೆ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ. ಜನ ತಮ್ಮ ಲಾಭವನ್ನು ಮಾತ್ರ ನೋಡುವುದಿಲ್ಲ, ಪಾಲು ನ್ಯಾಯವಾಗಿದೆಯೇ, ನಡೆಸಿಕೊಳ್ಳುವ ರೀತಿ ನ್ಯಾಯವಾಗಿದೆಯೇ ಎಂದು ನೋಡುತ್ತಾರೆ. ಅನ್ಯಾಯ ಕಂಡರೆ ಉಪಾಯವನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯಿದೆ ರೈತನಿಗೆ ಬೀಜ ಉಳಿಸುವ, ಹಂಚುವ, ತನ್ನ ತಳಿಯನ್ನು ನೋಂದಾಯಿಸುವ ಹಕ್ಕು ಕೊಟ್ಟಿದೆ. ಆ ಹಕ್ಕು ಬಳಕೆಗೆ ಬರಲು ರೈತನ ಹೆಸರು ಮೊದಲೇ ಬರೆದಿರಬೇಕು.

ಹೆಸರು ಬರೆಯುವ ಈ ನೇಮವನ್ನೇ ಸಿದ್ಧಾಂತ ಮಾಡಿಕೊಂಡವರು ಅಹಮದಾಬಾದಿನ ಪ್ರೊ. ಅನಿಲ್ ಗುಪ್ತ. 1980ರ ದಶಕದ ಕೊನೆಯಲ್ಲಿ ಅವರು ಕಟ್ಟಿದ ‘ಹನಿ ಬೀ’ ಜಾಲದ ಆದರ್ಶ ಜೇನುನೊಣ. ಅದು ಹೂವಿಗೆ ನೋವು ಮಾಡದೆ ಮಕರಂದ ಪಡೆಯುತ್ತದೆ, ಹೂವಿನಿಂದ ಹೂವಿಗೆ ಪರಾಗ ಒಯ್ಯುತ್ತದೆ. ಜನರಿಂದ ಪಡೆದ ಅರಿವನ್ನು ಅವರ ಹೆಸರಿನಲ್ಲೇ, ಅವರ ಭಾಷೆಯಲ್ಲೇ ಅವರಿಗೆ ಮರಳಿಸಬೇಕು ಎಂಬುದು ಅವರ ಕಟ್ಟಳೆ. ಕನ್ನಡದಲ್ಲಿ ಆ ಕೆಲಸವನ್ನು ಡಾ. ಟಿ.ಎನ್. ಪ್ರಕಾಶ್ ‘ಹಿತ್ತಲ ಗಿಡ’ ಪತ್ರಿಕೆಯ ಮೂಲಕ ಮಾಡಿದರು. ಹಿತ್ತಲ ಗಿಡವೂ ಮದ್ದು ಎಂದು ತೋರಿಸಿಕೊಟ್ಟ ಹೆಸರು ಅದು.

ಬೆಟ್ಟದಿಂದ ಬಂದ ಪಾಠ

ಯಳಂದೂರಿನ ಬೆನ್ನಿಗಿರುವ ಬಿಳಿಗಿರಿರಂಗನ ಬೆಟ್ಟದಲ್ಲಿ ಈ ಪ್ರಶ್ನೆಯ ಇನ್ನೊಂದು ಮುಖ ಇದೆ. ಅಲ್ಲಿಯ ಬುಡಕಟ್ಟಿನವರಾದ ಸೋಲಿಗರು ಬೇಸಿಗೆಯ ಆರಂಭದಲ್ಲಿ ನೆಲಮಟ್ಟದ ಸಣ್ಣ ಬೆಂಕಿ ಹಾಕುತ್ತಿದ್ದರು, ಅದಕ್ಕೆ ತರಗು ಬೆಂಕಿ ಎನ್ನುತ್ತಾರೆ. ಒಣ ತರಗೆಲೆ ಉರಿದು ಹೋಗುತ್ತಿತ್ತು, ದೊಡ್ಡ ಕಾಳ್ಗಿಚ್ಚಿಗೆ ಸೌದೆ ಉಳಿಯುತ್ತಿರಲಿಲ್ಲ, ನೆಲ್ಲಿ ಮರದ ಬದನಿಕೆ ಹಿಡಿತದಲ್ಲಿರುತ್ತಿತ್ತು, ಲಂಟಾನದ ಪೊದೆ ಹಬ್ಬುತ್ತಿರಲಿಲ್ಲ ಎಂಬುದು ಅವರ ಅನುಭವ. 1974ರಲ್ಲಿ ಅಭಯಾರಣ್ಯವಾದ ಮೇಲೆ ಈ ಬೆಂಕಿ ನಿಂತಿತು. ಲಂಟಾನವೂ ಬದನಿಕೆಯೂ ಹೆಚ್ಚಿದ್ದನ್ನು ಸಂಶೋಧಕರೂ ದಾಖಲಿಸಿದರು. ಕಾಡಿನ ಈ ಬಳಕೆದಾರರು ಏಟ್ರಿ ಎಂಬ ಸಂಶೋಧನಾ ಸಂಸ್ಥೆಯ ಮತ್ತು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಜೊತೆ ತಮ್ಮ ಅರಿವನ್ನು ಹಂಚಿಕೊಂಡರು. ತಮ್ಮ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳ ತಾಣಗಳನ್ನು ನಕ್ಷೆಯಲ್ಲಿ ಗುರುತಿಸಿಕೊಟ್ಟರು.

ಕೊಟ್ಟದ್ದು ಮರಳಿ ಬಂತೇ? ಒಂದಷ್ಟು ಬಂತು. ಅರಣ್ಯ ಹಕ್ಕು ಕೇಳುವಾಗ ಆ ನಕ್ಷೆ ನೆರವಾಯಿತು. ಈ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. 2022ರಲ್ಲಿ ಈ ಬೆಟ್ಟದಲ್ಲಿ ಕಂಡ ಕಣಜದ ಹೊಸ ಕುಲವೊಂದಕ್ಕೆ ಸಂಶೋಧಕರು ‘ಸೋಲಿಗ’ ಎಂದೇ ಹೆಸರಿಟ್ಟರು. ವಿಜ್ಞಾನದ ಪುಸ್ತಕದಲ್ಲಿ ಒಂದು ಜನಾಂಗದ ಹೆಸರು ಶಾಶ್ವತವಾಗಿ ಬರೆದಿಟ್ಟದ್ದು ಸಣ್ಣ ಮುಯ್ಯಿಯಲ್ಲ. ಪಕ್ಕದ ಕೇರಳದಲ್ಲಿ ಕಾಣಿ ಬುಡಕಟ್ಟಿನವರು ತೋರಿಸಿದ ಆರೋಗ್ಯಪಚ್ಚ ಗಿಡದಿಂದ ‘ಜೀವನಿ’ ಎಂಬ ಔಷಧಿ ಬಂದಾಗ, ತಿರುವನಂತಪುರದ ಸಸ್ಯೋದ್ಯಾನ ಸಂಸ್ಥೆ ತನಗೆ ಬಂದ ಪರವಾನಗಿ ಹಣದ ಅರ್ಧ ಪಾಲನ್ನು ಕಾಣಿಗಳಿಗೆ ಮೀಸಲಿಟ್ಟಿತು. ದಾರಿ ಇದೆ, ಮನಸ್ಸು ಬೇಕು.

ಪುಸ್ತಕ ತೆರೆಯೋಣ

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಇದು. ಜನ ಹಂಚುವುದು ಮುಗ್ಧತೆಯಿಂದಲ್ಲ, ಮುಯ್ಯಿಯ ನಂಬಿಕೆಯಿಂದ. ತಾನು ಕೊಟ್ಟದ್ದು ಉಪಾಯವಾಗಿಯೋ, ಕಲಿಕೆಯಾಗಿಯೋ, ಹೆಸರಾಗಿಯೋ, ನಂಟಾಗಿಯೋ ಒಂದು ದಿನ ತಿರುಗಿ ಬರುತ್ತದೆ ಎಂಬ ನಂಬಿಕೆ ಅದು. ಆ ಲೆಕ್ಕವನ್ನು ನೇರವಾಗಿ ಇಡುವ ಕಂಪನಿಯ ಅಂಗಳ ತುಂಬಿರುತ್ತದೆ. ಲೆಕ್ಕ ತಪ್ಪಿಸುವ ಕಂಪನಿಯ ಅಂಗಳ ಖಾಲಿಯಾಗುತ್ತದೆ, ಜನ ಬೇರೆ ಅಂಗಳ ಕಟ್ಟಿಕೊಳ್ಳುತ್ತಾರೆ.

ಯಳಂದೂರು, ಕೊಳ್ಳೇಗಾಲ, ಹನೂರಿನಲ್ಲಿ ಈಗ ಬಾಳೆ, ಅರಿಶಿನ, ರೇಷ್ಮೆ, ಹಾಲಿನವರ ಫೋನ್ ಬಳಗಗಳಿವೆ. ರೈತ ಉತ್ಪಾದಕ ಕಂಪನಿಗಳಿವೆ, ಸೋಲಿಗರ ಲ್ಯಾಂಪ್ಸ್ ಸಹಕಾರ ಸಂಘಗಳಿವೆ. ದಿನವೂ ಎಷ್ಟೋ ಉಪಾಯಗಳು ಈ ಬಳಗಗಳಲ್ಲಿ ಹರಿದು, ಮರುದಿನದ ಶುಭೋದಯದ ಚಿತ್ರಗಳ ಕೆಳಗೆ ಹೂತುಹೋಗುತ್ತಿವೆ. ಇವನ್ನು ನಡೆಸುವವರಲ್ಲಿ ನನ್ನದೊಂದು ಬಿನ್ನಹ. ಮದುವೆ ಮನೆಯ ಬಾಗಿಲಲ್ಲಿ ಇಡುವಂಥ ಒಂದು ಪುಸ್ತಕ ತೆರೆಯಿರಿ. ಉಪಾಯ ಏನು, ಹೇಳಿದವರು ಯಾರು, ಯಾವ ಊರು, ಯಾವ ದಿನ, ಯಾರು ತಿದ್ದಿದರು ಎಂದು ಅವರ ಒಪ್ಪಿಗೆ ಪಡೆದು ಬರೆಯಿರಿ. ಮೂರು ಸುತ್ತು ಸೀರೆ ಸುತ್ತಿದವನ ಹೆಸರೂ, ಸೊಳ್ಳೆಪರದೆ ಹಾಕಿದವನ ಹೆಸರೂ ಅದರಲ್ಲಿ ಇರಲಿ. ನಾಳೆ ಯಾವ ಕಂಪನಿ ಆ ಸೋಸುವ ಪೈಪನ್ನು ಮಾಡಿ ಮಾರಿದರೂ, ಮೊದಲ ಸಾಲಿನಲ್ಲಿ ಇರುವುದು ನಮ್ಮ ಊರಿನವರ ಹೆಸರು.